ಮಾಕಳಿದುರ್ಗಕ್ಕೆ ಬಂದ ನಾಲ್ಕನೆಯವರು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸ್ನೇಹಳ ಪಕ್ಕ ಅವಳ ಗಂಡ ವೇಣುಗೋಪಾಲ್ ನಿಂತಿದ್ದುದನ್ನು ಕಂಡು, ಹೆಂಡತಿಯನ್ನು ಬಿಟ್ಟು ಹೋಗಲು ಬಂದಿರಬೇಕು ಎಂದುಕೊಂಡಳು ಪದ್ಮಶ್ರೀ. ಹತ್ತಿರ ಹೋದ ಮೇಲೆ ಅವನ ಬೆನ್ನಿಗಿದ್ದ ದೊಡ್ಡ ಚೀಲ ಕಾಣಿಸಿತು. ಕಾಲಿಗೆ ಬೂಟು, ಕೈಯಲ್ಲಿ ಐದು ಲೀಟರಿನ ನೀರಿನ ಕ್ಯಾನು.

"ನಾನೂ ಬರ್ತಿದೀನಿ ಕಣ್ರೀ," ಎಂದ ಅವನು ನಗುತ್ತಾ. "ಮೂರು ಜನ ಹೆಂಗಸ್ರು ಬೆಟ್ಟದ ಮೇಲೆ ರಾತ್ರಿ ಇರ್ತೀವಿ ಅಂದ್ರೆ ನಂಗೆ ಮನೇಲಿ ನಿದ್ದೆ ಬರುತ್ತಾ ಹೇಳಿ."

ಪದ್ಮಶ್ರೀ ಸ್ನೇಹಳ ಮುಖ ನೋಡಿದಳು. ಸ್ನೇಹ ಬಗ್ಗಿ, ಮೊದಲೇ ಬಿಗಿಯಾಗಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

೧೯೯೭ರ ಜನವರಿ, ಎರಡನೆಯ ಶನಿವಾರ. ಈ ಒಂದು ರಾತ್ರಿಗಾಗಿ ಪದ್ಮಶ್ರೀ ದೀಪಾವಳಿಯಿಂದ ಓಡಾಡಿದ್ದಳು. ಹೊಸಕೋಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಅವಳು ಗುಮಾಸ್ತೆ. ಮನೆಯಲ್ಲಿ ಆರು ವರ್ಷದ ಮಗಳು, ತರಕಾರಿ ಮಂಡಿ ನೋಡಿಕೊಳ್ಳುವ ಗಂಡ ಕೆಂಪರಾಜ್, ಅತ್ತೆ ಅಕ್ಕಯಮ್ಮ. ಕಚೇರಿಯ ಫೋನಿನಿಂದ ಸ್ನೇಹಳ ರಾಜಾಜಿನಗರದ ಮನೆಗೆ, ದೊಡ್ಡಬಳ್ಳಾಪುರದ ಅನಿತಳ ಮಗ್ಗದ ಶೆಡ್ಡಿಗೆ ಎಷ್ಟು ಸಲ ಮಾತಾಡಿದ್ದಳೋ. ಅನಿತಳಿಗೆ ಫೋನ್ ಮಾಡಿದಾಗಲೆಲ್ಲ ಹಿಂದೆ ಪವರ್‌ಲೂಮುಗಳ ಗದ್ದಲ. ಒಂದೊಂದು ಮಾತನ್ನೂ ಮೂರು ಸಲ ಕಿರುಚಬೇಕಿತ್ತು. ಒಮ್ಮೆ ಸ್ನೇಹಳ ಮಗುವಿಗೆ ಜ್ವರ, ಇನ್ನೊಮ್ಮೆ ಅನಿತಳಿಗೆ ಮದುವೆ ಸೀಸನ್ನಿನ ಸೀರೆ ಆರ್ಡರು. ಎರಡು ಸಲ ತಪ್ಪಿಹೋಗಿ ಮೂರನೆಯ ಸಲಕ್ಕೆ ದಿನ ಗೊತ್ತಾಗಿತ್ತು.

ಮಾಕಳಿದುರ್ಗವೇ ಆಗಬೇಕು ಎಂಬುದಕ್ಕೂ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ, ಡಿಗ್ರಿಯ ಕೊನೆಯ ವರ್ಷ, ಕಾಲೇಜಿನಿಂದ ಇಲ್ಲಿಗೇ ಕ್ಯಾಂಪಿಗೆ ಬಂದಿದ್ದರು. ಹುಡುಗರನ್ನೆಲ್ಲ ರಾತ್ರಿ ಕೋಟೆಯ ಮೇಲೆ ಕರೆದುಕೊಂಡು ಹೋದ ಮೇಷ್ಟರು, ಹುಡುಗಿಯರನ್ನು ಕೆಳಗಿನ ಊರಿನ ಒಂದು ಮನೆಯ ಹಜಾರದಲ್ಲಿ ಮಲಗಿಸಿದ್ದರು. ಆಗ ಎನ್.ಸಿ.ಸಿ. ಸಾರ್ಜೆಂಟ್ ಆಗಿದ್ದ ಸ್ನೇಹ ಸಿಟ್ಟಿನಿಂದ ಊಟ ಬಿಟ್ಟಿದ್ದಳು. "ಒಂದಿನ ನಾವೇ ಬರೋಣ ಕಣ್ರೇ, ನಾವು ಮೂರೇ ಜನ. ಯಾರೂ ಬೇಡ," ಎಂದಿದ್ದಳು.

ಆ ಮಾತು ಹೇಳಿದವಳು ಈಗ ಶೂ ಲೇಸು ಕಟ್ಟುತ್ತಿದ್ದಳು.

ಅನಿತ ಕಂಕುಳಲ್ಲಿ ನೀಲಿ ಟಾರ್ಪಾಲಿನ ಸುರುಳಿ ಇಟ್ಟುಕೊಂಡು ಬಂದಳು. ನೂಲಿನ ಮೂಟೆಗಳ ಮೇಲೆ ಹೊದಿಸುವ ಟಾರ್ಪಾಲು. ಅಂಚಿಗೆ ತಾನೇ ಹಗ್ಗ ಪೋಣಿಸಿ ಡೇರೆ ಮಾಡಿದ್ದಳು. ವೇಣುಗೋಪಾಲ್ ಅದನ್ನು ಮುಟ್ಟಿ ನೋಡಿದ. "ಚೆನ್ನಾಗಿದೆ. ಆದ್ರೆ ನಾನು ನಮ್ಮ ಫ್ಯಾಕ್ಟ್ರಿ ಹೈಕಿಂಗ್ ಕ್ಲಬ್ಬಿಂದ ಒಳ್ಳೆ ಟೆಂಟೇ ತಂದಿದೀನಿ. ಇದು ಯಾಕೆ ಸುಮ್ನೆ ಭಾರ?" ಅನಿತ ಒಂದು ಗಳಿಗೆ ಯೋಚಿಸಿ, ಎದುರಿನ ಪರಿಚಯದ ಅಂಗಡಿಯಲ್ಲಿ ಟಾರ್ಪಾಲು ಇಟ್ಟು ಬಂದಳು.

ಬಸ್ಸಿಳಿದು ರೈಲು ಹಳಿಯ ಪಕ್ಕ ನಡೆಯುವಾಗ ಪದ್ಮಶ್ರೀ ಬೇಕೆಂದೇ ಹೆಜ್ಜೆ ನಿಧಾನ ಮಾಡಿ ಅನಿತಳ ಜೊತೆಗಾದಳು. ಹೇಳಬೇಕಾದ ಮಾತೊಂದಿತ್ತು. ಅವಳಿಗೆ ಬಡ್ತಿಯ ಆದೇಶ ಬಂದಿತ್ತು, ರಾಯಚೂರಿಗೆ. ಒಪ್ಪಿಗೆಯೋ ನಿರಾಕರಣೆಯೋ, ಸೋಮವಾರದೊಳಗೆ ಬರೆದುಕೊಡಬೇಕು. ಬೇಡವೆಂದರೆ ಸರದಿ ಮತ್ತೆ ಯಾವಾಗ ಬರುವುದೋ ಯಾರಿಗೂ ಗೊತ್ತಿಲ್ಲ. ಕೆಂಪರಾಜನನ್ನು ಕೇಳಿದರೆ "ನಿನ್ನಿಷ್ಟ" ಎನ್ನುತ್ತಿದ್ದ. ಅತ್ತೆಯೂ "ನಿನ್ನಿಷ್ಟ ತಾಯಿ" ಎಂದು ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದರು. ಜಗಳವಾಡೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಬೇಡ ಎಂದಿದ್ದರೆ ಹಟ ಹಿಡಿಯಬಹುದಿತ್ತು, ಹೋಗು ಎಂದಿದ್ದರೆ ಹೊರಡಬಹುದಿತ್ತು. ಈ ಇಬ್ಬರು ಗೆಳತಿಯರ ನಡುವೆ ಒಂದು ರಾತ್ರಿ ಕೂತು ಎಲ್ಲ ಹೇಳಿಕೊಂಡರೆ, ಅದರಲ್ಲೂ ಸ್ನೇಹ ಆ ಹಳೆಯ ದನಿಯಲ್ಲಿ ಒಂದು ಮಾತು ಹೇಳಿದರೆ ಸಾಕು ಎಂದು ಅವಳು ನಂಬಿಕೊಂಡು ಬಂದಿದ್ದಳು.

"ಅನೀ, ನಿಂಗೊಂದು ವಿಷಯ ಹೇಳ್ಬೇಕಿತ್ತು," ಎಂದು ಶುರುಮಾಡಿದಳು.

"ಆ ಕಡೆ ಬೇಡ, ಈ ಕಡೆ ಬನ್ನಿ," ಎಂದು ಮುಂದಿನಿಂದ ವೇಣುಗೋಪಾಲ್ ಕೂಗಿದ. "ಜಲ್ಲಿ ಜಾರುತ್ತೆ." ಅವರು ತನ್ನ ಬಳಿ ಬರುವವರೆಗೂ ಕಾದು ನಿಂತ. ಅಲ್ಲಿಂದ ಮುಂದೆ ಜೊತೆಯಲ್ಲೇ ನಡೆದ.

ಕೆಟ್ಟವನಾಗಿದ್ದರೆ ಚೆನ್ನಾಗಿತ್ತು. ಅವನು ಕೆಟ್ಟವನಲ್ಲ. ಲಂಟಾನದ ಮುಳ್ಳುಕೊಂಬೆಗಳನ್ನು ಸರಿಸಿ ಹಿಡಿದು ಮೂವರನ್ನೂ ಮುಂದೆ ಬಿಟ್ಟ. ಅನಿತಳಿಗೆ ಏದುಸಿರು ಬಂದಾಗ ಅವಳ ಚೀಲವನ್ನೂ ಹೆಗಲಿಗೇರಿಸಿಕೊಂಡ. ಕಡಿದಾದ ಬಂಡೆ ಬಂದಾಗ ಮೊದಲು ತಾನು ಹತ್ತಿ ಕೈ ಚಾಚಿದ. ಪದ್ಮಶ್ರೀ ಆ ಕೈ ಹಿಡಿಯದೆ, ಪಕ್ಕದ ಬಿರುಕಿಗೆ ಬೆರಳು ಸಿಕ್ಕಿಸಿ ಹತ್ತಿ, ಮೊಣಕೈ ತರಚಿಕೊಂಡಳು. ಅದಕ್ಕೂ ಅವನ ಚೀಲದಿಂದ ಹತ್ತಿ, ಟಿಂಚರ್ ಹೊರಬಂತು.

ಮೇಲೆ ತಲುಪುವಾಗ ಸೂರ್ಯ ಇಳಿಯುತ್ತಿದ್ದ. ಬಿದ್ದ ಕೋಟೆಗೋಡೆ, ಸಣ್ಣ ಶಿವನ ಗುಡಿ. ಕೆಳಗೆ ಕೆರೆಯ ನೀರು, ಎರಡು ಗುಡ್ಡಗಳ ನಡುವೆ ತಿರುಗಿ ಹೋಗುವ ರೈಲು ಹಳಿ. ಹನ್ನೊಂದು ವರ್ಷ ಕಾದು ನೋಡಿದ ನೋಟ. ಪದ್ಮಶ್ರೀಗೆ ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಡೇರೆಯ ಗೂಟ ಹೊಡೆಯುವ ಸದ್ದು ಕೇಳಿಸಿತು.

"ನಾವೂ ಕಲ್ತಿದ್ವಿ ಇದನ್ನ," ಎಂದಳು ಅವಳು, ಹತ್ತಿರ ಹೋಗಿ. "ಸ್ನೇಹ ಏಳು ನಿಮಿಷದಲ್ಲಿ ಟೆಂಟ್ ನಿಲ್ಲಿಸ್ತಿದ್ಲು."

"ಹೌದಾ," ಎಂದ ವೇಣುಗೋಪಾಲ್, ನಿಜವಾಗಿ ಆಶ್ಚರ್ಯಪಟ್ಟು. "ನೀನು ಹೇಳೇ ಇಲ್ವಲ್ಲ ಸ್ನೇಹಾ." ಸುತ್ತಿಗೆಯಂತೆ ಹಿಡಿದಿದ್ದ ಕಲ್ಲನ್ನು ಹೆಂಡತಿಯತ್ತ ಚಾಚಿದ.

ಸ್ನೇಹ ತೆಗೆದುಕೊಳ್ಳಲಿಲ್ಲ. "ನೀವೇ ಹೊಡೀರಿ. ನಂಗೆಲ್ಲಾ ಮರ್ತೋಗಿದೆ," ಎಂದು ಅವರೆಕಾಯಿ ಬಿಡಿಸಲು ಕೂತಳು.

ಸೌದೆ ಆರಿಸುವ ನೆಪದಲ್ಲಿ ಪದ್ಮಶ್ರೀ ಅವಳನ್ನು ಗೋಡೆಯಾಚೆಗೆ ಕರೆದಳು. "ಹಾವಿರ್ತವೆ, ನಾನು ತರ್ತೀನಿ, ನೀವು ಕೂತ್ಕೊಳ್ಳಿ," ಎಂದು ಅವನು ಎದ್ದ. ಸರಿ, ಅವನಾದರೂ ಹೋಗುತ್ತಾನಲ್ಲ ಎಂದು ಪದ್ಮಶ್ರೀ ಉಸಿರುಬಿಟ್ಟರೆ, ಸ್ನೇಹ ತಟ್ಟನೆ ಎದ್ದು "ನಿಲ್ಲಿ, ಟಾರ್ಚ್ ಹಿಡ್ಕೊಳ್ಳೋಕೆ ನಾನೂ ಬರ್ತೀನಿ," ಎಂದು ಗಂಡನ ಹಿಂದೆ ನಡೆದುಬಿಟ್ಟಳು. ಇನ್ನೂ ಬೆಳಕಿತ್ತು.

ಬೆಂಕಿಯ ಸುತ್ತ ಕೂತು ರೊಟ್ಟಿ, ಅವರೆಕಾಳಿನ ಹುಳಿ ತಿನ್ನುವಾಗ ಪದ್ಮಶ್ರೀಗೆ ಸಹನೆ ಮುಗಿಯಿತು. ವೇಣುಗೋಪಾಲ್ ತಮ್ಮ ಕ್ಲಬ್ಬಿನವರು ಸಾವನದುರ್ಗ ಹತ್ತಿದ ಕಥೆ ಹೇಳುತ್ತಿದ್ದ. ಅನಿತ ನಗುತ್ತಿದ್ದಳು. ಆ ನಗುವಿನ ನಡುವೆಯೇ ಪದ್ಮಶ್ರೀ, "ನಂಗೆ ರಾಯಚೂರಿಗೆ ಪ್ರಮೋಷನ್ ಬಂದಿದೆ. ಸೋಮವಾರ ಹೇಳ್ಬೇಕು. ಏನ್ಮಾಡ್ಲಿ," ಎಂದು ನೇರವಾಗಿ ಸ್ನೇಹಳನ್ನು ನೋಡುತ್ತಾ ಕೇಳಿಬಿಟ್ಟಳು.

ಉತ್ತರ ಕೊಟ್ಟವನು ವೇಣುಗೋಪಾಲ್. ರಾಯಚೂರಿನ ಬಿಸಿಲು, ಬಾಡಿಗೆ ಮನೆ, ಮಗಳ ಶಾಲೆ, ರಾತ್ರಿಯ ಬಸ್ಸು, ಎರಡು ವರ್ಷದ ಮೇಲೆ ವರ್ಗಾವಣೆ ಕೇಳುವ ಬಗೆ, ಎಲ್ಲವನ್ನೂ ಸಮಾಧಾನವಾಗಿ ಬಿಡಿಸಿಟ್ಟ. ಒಂದು ಮಾತೂ ತಪ್ಪಾಗಿರಲಿಲ್ಲ. ಪದ್ಮಶ್ರೀ ಅವನ್ನೆಲ್ಲ ತಾನೇ ನೂರು ಸಲ ಯೋಚಿಸಿದ್ದಳು.

"ಕೆಂಪರಾಜ್ ಏನಂತಾರೆ?" ಎಂದಳು ಅನಿತ.

"ನಿನ್ನಿಷ್ಟ ಅಂತಾರೆ."

"ಒಳ್ಳೇದಾಯ್ತಲ್ಲ ಮತ್ತೆ."

"ನೀನು ಹೇಳು ಸ್ನೇಹಾ," ಎಂದಳು ಪದ್ಮಶ್ರೀ.

ಸ್ನೇಹ ಕಡ್ಡಿಯಿಂದ ಕೆಂಡ ಕೆದಕಿದಳು. "ಇವರು ಹೇಳಿದ್ರಲ್ಲ," ಎಂದಳು. "ಎಲ್ಲಾ ನೋಡ್ಕೊಂಡು ಮಾಡು."

ಮೂವರೂ ಡೇರೆಯೊಳಗೆ ಮಲಗಿದರು. ಹೊರಗೆ, ಬಾಗಿಲಿಗೆ ಅಡ್ಡಲಾಗಿ, ಕಂಬಳಿ ಹೊದ್ದು ವೇಣುಗೋಪಾಲ್ ಕಾವಲು ಮಲಗಿದ. ಅವನು ಕೆಮ್ಮಿದರೆ ಒಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಒಳಗೆ ಪಿಸುಗುಟ್ಟಿದರೂ ಹೊರಗೆ ಕೇಳುತ್ತದೆ. ಅನಿತ ಮಲಗಿದ ತಕ್ಷಣ ಗೊರಕೆ ಹೊಡೆದಳು. ಸ್ನೇಹ ಡೇರೆಯ ಬಟ್ಟೆ ಕಡೆ ತಿರುಗಿ ಮಲಗಿದಳು. ಪದ್ಮಶ್ರೀಗೆ ತನ್ನ ಮೇಲೇ ಸಿಟ್ಟು ಬಂತು. ಎಷ್ಟು ಫೋನು, ಎಷ್ಟು ಸುಳ್ಳು, ಎಷ್ಟು ಜನರಿಗೆ ಸಮಾಧಾನ. ಇದಕ್ಕಾಗಿಯೇ.

ಬೆಳಗಿನ ಜಾವ ಚಳಿಗೆ ಎಚ್ಚರವಾಗಿ ಹೊರಬಂದಾಗ ಕಂಬಳಿ ಮಡಿಸಿಟ್ಟಿತ್ತು. ವೇಣುಗೋಪಾಲ್ ಕ್ಯಾನು ಹಿಡಿದು ನೀರಿಗಾಗಿ ಕೆಳಗಿನ ದೊಣೆಗೆ ಹೋಗಿದ್ದ. ಸ್ನೇಹ ಕೋಟೆಗೋಡೆಯ ಮೇಲೆ ಒಬ್ಬಳೇ ಕೂತಿದ್ದಳು. ಕಣಿವೆಯಲ್ಲಿ ಮಂಜು ತುಂಬಿ ಹಳಿ ಕಾಣುತ್ತಿರಲಿಲ್ಲ.

ಪದ್ಮಶ್ರೀ ಹೋಗಿ ಪಕ್ಕ ಕೂತಳು. "ಒಂದ್ರಾತ್ರಿ ಬಿಟ್ಟಿರೋಕಾಗಲ್ವೇನೇ ನಿನ್ ಗಂಡನಿಗೆ?" ಎಂದಳು. ಇಷ್ಟು ಒರಟಾಗಿ ಕೇಳಬೇಕೆಂದಿರಲಿಲ್ಲ.

"ಅವರು ಬರ್ತೀನಿ ಅನ್ಲಿಲ್ಲ," ಎಂದಳು ಸ್ನೇಹ. "ನಾನೇ ಕರ್ಕೊಂಬಂದೆ. ಬರಲ್ಲ, ನಿಮ್ಮ ಮಧ್ಯೆ ನಾನ್ಯಾಕೆ ಅಂತ ಎರಡು ದಿನ ಅಂದ್ರು. ನಾನೇ ಬಿಡ್ಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಅವರಂದಿದ್ದು ನಾನು ಹೇಳ್ಕೊಟ್ಟಿದ್ದೇ."

"ಯಾಕೆ?"

"ನೀವಿಬ್ರೇ ಇದ್ದಿದ್ರೆ ನನ್ನ ಕೇಳ್ತಿದ್ರಿ."

"ಏನು ಕೇಳ್ತಿದ್ವಿ?"

ಕೆಳಗೆ ಗೂಡ್ಸ್ ರೈಲೊಂದು ಮಂಜಿನೊಳಗೆ ಸದ್ದು ಮಾತ್ರವಾಗಿ ಹಾದುಹೋಯಿತು. ಅದು ಮುಗಿದ ಮೇಲೆ ಸ್ನೇಹ ಹೇಳಿದಳು. "ತೊಂಬತ್ತರಲ್ಲಿ ಸಬ್ ಇನ್ಸ್‌ಪೆಕ್ಟರ್ ಸೆಲೆಕ್ಷನ್ನಿಗೆ ಹೋಗಿದ್ದೆನಲ್ಲ. ಓಟದಲ್ಲಿ ಫೇಲಾದೆ ಅಂತ ನಿಮಗೆ ಹೇಳಿದ್ದೆ. ನಾನು ಫೇಲಾಗಿರ್ಲಿಲ್ಲ ಪದ್ಮಾ. ಸೆಲೆಕ್ಟ್ ಆಗಿದ್ದೆ. ಟ್ರೇನಿಂಗಿಗೆ ಬಾ ಅಂತ ಕಾಗದ ಬಂತು. ನಾನು ಹೋಗ್ಲಿಲ್ಲ."

"ಮನೇಲಿ ಬೇಡ ಅಂದ್ರಾ?"

"ಇಲ್ಲ. ಅಪ್ಪ ಟ್ರಂಕು ಕೂಡ ತಂದಿಟ್ಟಿದ್ರು. ಆಗಿನ್ನೂ ಮದುವೆ ಮಾತೂ ಇರ್ಲಿಲ್ಲ. ಯಾರೂ ಬೇಡ ಅನ್ಲಿಲ್ಲ. ನಂಗೇ ಭಯವಾಯ್ತು. ಹೊರಡೋ ದಿನ ಹೊಟ್ಟೆನೋವು ಅಂತ ಮಲ್ಕೊಂಡೆ. ಮಾರನೇ ದಿನಾನೂ ಮಲ್ಕೊಂಡೆ. ಅಷ್ಟೇ."

ಪದ್ಮಶ್ರೀಗೆ ಆ ದಿನಗಳು ಚೆನ್ನಾಗಿ ನೆನಪಿದ್ದವು. ಹೊಸಕೋಟೆಯಿಂದ ಎರಡು ಬಸ್ಸು ಬದಲಿಸಿ ಇವಳ ಮನೆಗೆ ಹೋಗಿ, ಕೈ ಹಿಡಿದುಕೊಂಡು, ಅರ್ಧ ಸೆಕೆಂಡಿಗೆ ತಪ್ಪಿಸಿದರು, ಅನ್ಯಾಯ ಎಂದು ಸಂಜೆವರೆಗೂ ಯಾರನ್ನೋ ಬೈದಿದ್ದಳು. ಸ್ನೇಹ ಆಗ ಅಳುತ್ತಿದ್ದಳು. ಈಗ ಅಳುತ್ತಿರಲಿಲ್ಲ.

"ನೆನ್ನೆ ಬೆಂಕಿ ಹತ್ರ ನೀನು ನನ್ನೇ ನೋಡ್ತಾ ಕೇಳ್ದೆ," ಎಂದಳು ಸ್ನೇಹ. "ನಾನು ಯಾವ ಬಾಯಲ್ಲಿ ಹೋಗು ಅನ್ನಲಿ. ಹೋಗ್ಬೇಡ ಅನ್ನೋಕೂ ಮನಸ್ಸು ಬರ್ಲಿಲ್ಲ. ನೀನು ಹೋಗದಿದ್ರೆ ನಂಗೆ ಒಳಗೊಳಗೇ ಸಮಾಧಾನ ಆಗುತ್ತೇನೋ ಅಂತ ಹೆದರ್ಕೆ ಆಯ್ತು."

ಏನಾದರೂ ಮೆತ್ತಗೆ ಹೇಳಬೇಕಾದ ಗಳಿಗೆ ಅದು. ಪದ್ಮಶ್ರೀಯ ಬಾಯಿಂದ ಬರಲಿಲ್ಲ. ಏಳು ವರ್ಷ ತನ್ನನ್ನು ಹೀಗೆ ನಂಬಿಸಿದ್ದು, ಈ ರಾತ್ರಿಯನ್ನೂ ಬೇಕೆಂದೇ ಕೆಡಿಸಿದ್ದು, ಎಲ್ಲ ಸೇರಿ ಸಿಟ್ಟು ತರಿಸಿತ್ತು. "ನಮಗಾದ್ರೂ ಹೇಳ್ಬಹುದಿತ್ತು," ಎಂದಳು. "ಬಯ್ದು ಎಬ್ಬಿಸಿ ಕಳಿಸ್ತಿದ್ವಿ."

"ಅದಕ್ಕೇ ಹೇಳ್ಲಿಲ್ಲ."

ತುಂಬಿದ ಕ್ಯಾನಿನ ಭಾರಕ್ಕೆ ಒಂದು ಕಡೆ ವಾಲಿಕೊಂಡು ವೇಣುಗೋಪಾಲ್ ಮೆಟ್ಟಿಲು ಹತ್ತಿ ಬಂದ. ಇಬ್ಬರ ಮುಖ ನೋಡಿ, ದೂರದ ಕಲ್ಲಿನ ಬಳಿ ಒಲೆ ಹೂಡಲು ಹೋದ. ಅವನಿಗೆ ಗೊತ್ತಿದೆಯೋ ಇಲ್ಲವೋ ಎಂದು ಪದ್ಮಶ್ರೀ ಕೇಳಲಿಲ್ಲ. ಸ್ನೇಹ ಗೋಡೆಯಿಂದಿಳಿದು ಗಂಡನ ಕಡೆ ನಡೆದಳು. ಎರಡು ತಿಂಗಳು ಹಂಬಲಿಸಿದ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿದಿತ್ತು, ಅದರಲ್ಲಿ ಪದ್ಮಶ್ರೀಯ ಪ್ರಶ್ನೆಗೆ ಉತ್ತರವೂ ಇರಲಿಲ್ಲ.

ಇಳಿಯುವಾಗ ಅನಿತ, ಒಳ್ಳೆ ನಿದ್ದೆ ಬಂತೆಂದು, ಮಗ್ಗದ ಸದ್ದಿಲ್ಲದೆ ಮಲಗಿ ಎಷ್ಟು ವರ್ಷವಾಗಿತ್ತೆಂದು ಎರಡು ಸಲ ಹೇಳಿದಳು. ದೊಡ್ಡಬಳ್ಳಾಪುರದಲ್ಲಿ ಬೀಳ್ಕೊಡುವಾಗ ಸ್ನೇಹ ಪದ್ಮಶ್ರೀಯ ತೋಳು ಹಿಡಿದುಕೊಂಡಳು. ಪದ್ಮಶ್ರೀ ಕೈ ಬಿಡಿಸಿಕೊಳ್ಳಲಿಲ್ಲ, ತಿರುಗಿ ಹಿಡಿಯಲೂ ಇಲ್ಲ. ಬಸ್ಸು ಹೊರಟ ಮೇಲೆ, ತಾನೂ ಹಿಡಿಯಬಹುದಿತ್ತು ಅನ್ನಿಸಿತು.

ಆ ರಾತ್ರಿ ಕೆಂಪರಾಜ್ "ಹೆಂಗಿತ್ತು" ಎಂದು ಕೇಳಿದ. "ಚಳಿ," ಎಂದಳು. ಆಮೇಲೆ, ತಾನು ರಾಯಚೂರಿಗೆ ಹೋಗುತ್ತಿರುವುದಾಗಿಯೂ, ಮಗಳನ್ನು ಕರೆದುಕೊಂಡು ಹೋಗುವುದಾಗಿಯೂ, ಇನ್ನೊಂದು ಸಲ ನಿನ್ನಿಷ್ಟ ಎನ್ನಬಾರದೆಂದೂ ಹೇಳಿದಳು. ಕೆಂಪರಾಜ್ "ನಿನ್ನಿ..." ಎಂದು ಶುರುಮಾಡಿ ನಿಲ್ಲಿಸಿದ. "ನಂಗೆ ಇದು ಇಷ್ಟ ಇಲ್ಲ," ಎಂದ. ಅವನು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ನಡುರಾತ್ರಿಯವರೆಗೆ ಇಬ್ಬರೂ ಚೆನ್ನಾಗಿ ಜಗಳವಾಡಿದರು.

ಸೋಮವಾರ ಬೆಳಿಗ್ಗೆ ಅವಳು ಒಪ್ಪಿಗೆ ಪತ್ರ ಬರೆದು ಮೇಜಿನ ಮೇಲಿಟ್ಟಾಗ, ಹಿರಿಯ ಅಧಿಕಾರಿ ಸಂಜೀವಪ್ಪನವರು ಕನ್ನಡಕದ ಮೇಲಿಂದ ನೋಡಿದರು.

"ಎಲ್ಲರನ್ನೂ ಕೇಳಿದೀಯೇನಮ್ಮಾ?"

"ಕೇಳಿ ಮುಗೀತು ಸಾರ್," ಎಂದಳು ಪದ್ಮಶ್ರೀ. "ನೀವು ಸೀಲ್ ಹಾಕಿ."