ಸೋಡಾ ಗಾಡಿಯ ಎತ್ತರ

ಜಯಪುರದಲ್ಲಿ ಗೋಲಿ ಸೋಡಾ ಮಾಡುವ ಯಾಕೂಬ್ ಸಾಹೇಬರಿಗೆ ಈ ಲೋಕದಲ್ಲಿ ಎರಡು ವಿಷಯಗಳ ಮೇಲೆ ಪೂರ್ತಿ ಭರವಸೆಯಿತ್ತು. ಒಂದು ತಮ್ಮ ಬಾವಿಯ ನೀರು, ಇನ್ನೊಂದು ತಮ್ಮ ಕಿವಿ. ಬಾಟಲಿಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ಹೇಳಿಬಿಡುತ್ತಿದ್ದರು. ಅವರ ಪಿಕಪ್ಪಿನ ಮೇಲೆ ಮಾತ್ರ ಇಂಥ ಭರವಸೆ ಇಡಲು ಬರುತ್ತಿರಲಿಲ್ಲ. ಯಾವುದೋ ಕಾಫಿ ಎಸ್ಟೇಟಿನವರು ಉಪಯೋಗಿಸಿ, ಬೈದು, ಮಾರಿದ ಜೀಪು ಪಿಕಪ್ ಅದು. ತಟ್ಟಿದ ಕಡೆಯೆಲ್ಲ ಬೇರೆ ಬೇರೆ ಸದ್ದು ಕೊಡುತ್ತಿತ್ತು.

ಎಂಬತ್ತೊಂದನೆಯ ಇಸವಿಯ ಮೇ ತಿಂಗಳಲ್ಲಿ ಮಾವಿನಕೊಡಿಗೆಯ ವಾಸಪ್ಪಗೌಡರು ಮಗಳ ಮದುವೆಗೆಂದು ಮೂವತ್ತು ಪೆಟ್ಟಿಗೆ ಸೋಡಾ ಹೇಳಲು ಅಂಗಡಿಗೆ ಬಂದರು. ಹೇಳುವ ಮೊದಲು ಹೊರಗೆ ನಿಂತಿದ್ದ ಪಿಕಪ್ಪನ್ನು ಒಂದು ಸುತ್ತು ಹಾಕಿ ನೋಡಿದರು.

"ಮನೆ ಬಾಗ್ಲಿಗೇ ಬರ್ಬೇಕು ಸಾಬ್ರೆ. ಹೋದ ವರ್ಷದ ಹಾಗೆ ಆಗೋದಾದ್ರೆ ಈಗ್ಲೇ ಹೇಳಿಬಿಡಿ. ಬಾಳೆಹೊನ್ನೂರಿನವ ಎತ್ತಿನ ಗಾಡೀಲಿ ತರ್ತೇನೆ ಅಂತಾನೆ. ಅವ್ನ ಎತ್ತಿಗೆ ಹೊಟ್ಟೆ ತಾಗೋದಿಲ್ಲ."

ಹೋದ ವರ್ಷದ ಕಥೆ ಮಲೆನಾಡಿನ ಮೂರು ತಾಲ್ಲೂಕಿಗೆ ಗೊತ್ತಿತ್ತು. ಮಾವಿನಕೊಡಿಗೆಗೆ ಹತ್ತುವ ದಾರಿಯ ನಡುಮಧ್ಯೆ ಒಂದು ಕಲ್ಲಿದೆ. ಒಂದು ಕಡೆ ಗೋಡೆಯಂತೆ ನಿಂತ ಮಣ್ಣಿನ ಧರೆ, ಇನ್ನೊಂದು ಕಡೆ ಕಮರಿ. ಬದಿಗೆ ಸರಿಯಲು ಜಾಗವಿಲ್ಲ. ಒಡೆದು ಹಾಕೋಣವೆಂದರೆ ಅದು ಬರೀ ಕಲ್ಲಲ್ಲ, ಗುಡ್ಡದೊಳಗಿನ ಬಂಡೆಯ ನೆತ್ತಿಯೇ ಹೊರಗೆ ಇಣುಕಿದ್ದು. ಅದಲ್ಲದೆ ಊರಿನವರಿಗೆ ಒಡೆಯುವ ಆತುರವೂ ಇರಲಿಲ್ಲ. ತಹಸೀಲ್ದಾರರ ಜೀಪು ಆ ಕಲ್ಲಿನ ಕೆಳಗೇ ನಿಲ್ಲುತ್ತಿತ್ತು. ಅವರು ಬೆವರು ಒರೆಸಿಕೊಳ್ಳುತ್ತ ಮೇಲೆ ಬರುವಷ್ಟರಲ್ಲಿ ಅಡಗಿಸಬೇಕಾದ್ದನ್ನೆಲ್ಲ ಅಡಗಿಸಿ, ಮಜ್ಜಿಗೆಯನ್ನೂ ಕಡೆದು ಇಡಬಹುದಿತ್ತು. ಯಾಕೂಬ್ ಸಾಹೇಬರ ಪಿಕಪ್ ಹಿಂದಿನ ವರ್ಷ ಆ ಕಲ್ಲಿನ ಮೇಲೆ ಹೊಟ್ಟೆಯೂರಿ ಕೂತುಬಿಟ್ಟಿತ್ತು. "ಎಬ್ಬಿಸ್ಬೇಡಿ ಮಾರಾಯ್ರೆ, ಕಾವು ಕೂತಿದೆ, ಇಪ್ಪತ್ತೊಂದು ದಿನ ಬಿಡಿ" ಎಂದು ಗೌಡರೇ ಹೇಳಿದ್ದರು. ಕೊನೆಗೆ ಗೌಡರ ನಾಲ್ಕು ಎತ್ತುಗಳು ಅದನ್ನು ಹಿಂದಕ್ಕೆ ಎಳೆದವು.

ಎತ್ತಿನ ಗಾಡಿ ಮಾರಿ ಪಿಕಪ್ ತಂದವರು ಯಾಕೂಬ್ ಸಾಹೇಬರು. ಈ ಸಲವೂ ಸೋತರೆ ಮದುವೆಯ ಸೋಡಾ ಹೋಗುವುದಷ್ಟೇ ಅಲ್ಲ, ಆ ಗುಡ್ಡದ ಮೇಲಿನ ಐದು ಊರಿನ ಅಂಗಡಿಗಳೂ ಬಾಳೆಹೊನ್ನೂರಿನವನ ಪಾಲಾಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

"ಬರ್ತದೆ ಗೌಡ್ರೆ. ಗಾಡಿ ಎತ್ತರ ಮಾಡಿಸ್ತೇನೆ" ಎಂದರು.

ಎತ್ತರ ಮಾಡಿಸಲು ಏನು ಹಾಕಬೇಕೆಂದು ಜಯಪುರದ ಬಸ್ ನಿಲ್ದಾಣದಲ್ಲಿ ಕೇಳಿದ್ದೇ ತಪ್ಪಾಯಿತು. ಸೈಕಲ್ಲಿಗಿಂತ ದೊಡ್ಡದನ್ನು ಓಡಿಸಿ ಗೊತ್ತಿಲ್ಲದವರೂ ಒಂದೊಂದು ಉಪಾಯ ಹೇಳಿದರು. ಕೊನೆಗೆ ಎಲ್ಲರೂ ಒಪ್ಪಿದ ಮಾತೊಂದೇ: ಚಕ್ರದ ಮೇಲೆ ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗಿಗೆ ಬಸ್ಸಿನ ಪ್ಲೇಟು ಸೇರಿಸಬೇಕು.

ಶೃಂಗೇರಿಯಲ್ಲಿ ಖಾಸಗಿ ಬಸ್ಸುಗಳ ಶೆಡ್ಡಿನ ಹಿಂದೆ ಬಿಚ್ಚಿಹಾಕಿದ ಹಳೆಯ ಪ್ಲೇಟುಗಳ ರಾಶಿಯಿತ್ತು. ಯಾಕೂಬ್ ಸಾಹೇಬರು ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಕಲ್ಲಿನ ಮೇಲೆ ಎತ್ತಿ ಹಿಡಿದು ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟರು. ಗಂಟೆಯಂತೆ ನುಡಿದದ್ದು ಬಲಕ್ಕೆ, ಬೊದ್ದೆಂದದ್ದು ಎಡಕ್ಕೆ. ಶೆಡ್ಡಿನ ಮೇಸ್ತ್ರಿ ಶ್ರೀನಿವಾಸ ಬೀಡಿ ಆರುವವರೆಗೆ ನೋಡುತ್ತಿದ್ದ.

"ಎಂತ ಸಾಬ್ರೆ, ತೆಂಗಿನಕಾಯಿ ಆರಿಸ್ತಿದ್ದೀರಾ?"

"ಬಿರುಕಿದ್ರೆ ಗೊತ್ತಾಗ್ಬೇಕಲ್ಲ."

"ಇವು ಅರವತ್ತು ಜನ ಹೊತ್ತ ಪ್ಲೇಟು. ನಿಮ್ಮ ಗಾಡೀಲಿ ಭಾರ ಇಲ್ದೆ ಹೋದ್ರೆ ಕುಣಿಸಿ ಬಿಡ್ತವೆ."

"ಗಟ್ಟಿ ಇದ್ರೆ ಒಳ್ಳೇದೇ ಅಲ್ವಾ?"

"ಒಳ್ಳೇದೇ. ಕೂತವ್ರೂ ಗಟ್ಟಿ ಇರ್ಬೇಕು."

ಆರಿಸಿದ ಎಂಟು ಪ್ಲೇಟುಗಳು ಕೊಪ್ಪದಲ್ಲಿ ಧರ್ಮಪ್ಪನ ಕುಲುಮೆ ಸೇರಿದವು. ಧರ್ಮಪ್ಪ ಅವನ್ನು ಅಳತೆಗೆ ಕತ್ತರಿಸಿ, ಕಾಯಿಸಿ, ಬಾಗಿಸಿ, ಉದ್ದದ ಬೋಲ್ಟು ಹಾಕಿ ನಾಲ್ಕೂ ಮೂಲೆಗೆ ಬಿಗಿದ. ಮಾತು ಕಡಿಮೆಯ ಮನುಷ್ಯ. ಮೂರನೆಯ ದಿನ ಗಾಡಿ ಗೇಣಿಗೆ ಸ್ವಲ್ಪ ಕಡಿಮೆ ಎನ್ನುವಷ್ಟು ಮೇಲೆದ್ದು ನಿಂತಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, "ಇನ್ನು ಕಲ್ಲಲ್ಲ, ಕರು ಅಡ್ಡ ಮಲಗಿದ್ರೂ ದಾಟ್ತದೆ" ಎಂದ.

ಜಯಪುರದ ಪೇಟೆಯಲ್ಲಿ ಆ ಸಂಜೆ ಯಾಕೂಬ್ ಸಾಹೇಬರು ಅಗತ್ಯಕ್ಕಿಂತ ಎರಡು ಸಲ ಹೆಚ್ಚು ಓಡಾಡಿದರು. "ಸಾಬ್ರೆ, ಮೇಲೆ ಗಾಳಿ ಹ್ಯಾಗಿದೆ?" ಎಂದು ಕಿರಾಣಿ ಅಂಗಡಿಯಿಂದ ಯಾರೋ ಕೇಳಿದರು. ಹೆಂಡತಿ ಹಬೀಬಾ ಮನೆಯಂಗಳದಲ್ಲಿ ನಿಂತು ಗಾಡಿಯ ಮೆಟ್ಟಿಲನ್ನು ನೋಡಿ, "ಇದಕ್ಕೆ ಹತ್ಲಿಕ್ಕೆ ಇನ್ನೊಂದು ಗಾಡಿ ತಗೊಂಡ್ರಾ?" ಎಂದರು.

ಮದುವೆಗೆ ಐದು ದಿನವಿರುವಾಗ ಒಂದು ಸಲ ಹತ್ತಿಸಿ ನೋಡೋಣವೆಂದು ಹೊರಟಾಗ ಹಬೀಬಾ ತಾವೂ ಬರುವುದಾಗಿ ಹೇಳಿದರು. ಹೋದ ವರ್ಷದ ಕಥೆಯನ್ನು ಆರು ಬಾಯಲ್ಲಿ ಆರು ಥರ ಕೇಳಿದ್ದವರು. ಈ ಸಲ ಕಣ್ಣಾರೆ ಕಾಣುವ ಆಸೆ.

ಖಾಲಿ ಗಾಡಿ ದಾರಿಯುದ್ದಕ್ಕೂ ಕುಪ್ಪಳಿಸಿತು. ಶ್ರೀನಿವಾಸ ಹೇಳಿದ್ದು ಸುಳ್ಳಲ್ಲ. ಕಲ್ಲು ಕಂಡಿತು. ಯಾಕೂಬ್ ಸಾಹೇಬರು ಬಿಸ್ಮಿಲ್ಲಾ ಎಂದು ಮೊದಲ ಗೇರಿನಲ್ಲಿ ನಿಧಾನವಾಗಿ ಹತ್ತಿಸಿದರು. ಮುಂದಿನ ಚಕ್ರ ದಾಟಿತು. ನಡುವಿನ ಹೊಟ್ಟೆ ದಾಟಿತು. ಅವರ ಮುಖದಲ್ಲಿ ನಗು ಇನ್ನೂ ಪೂರ್ತಿ ಅರಳಿರಲಿಲ್ಲ, ಹಿಂದಿನಿಂದ ಠಣ್ ಎಂದಿತು.

ಅದು ಹೋದ ವರ್ಷದ್ದೇ ಠಣ್. ಅವರ ಕಿವಿ ತಪ್ಪುವುದಿಲ್ಲ.

ತಕ್ಷಣ ನಿಲ್ಲಿಸಿ ಎರಡು ಮಾರು ಹಿಂದಕ್ಕೆ ಬಿಟ್ಟು ಇಳಿದರು. ಹಬೀಬಾ ಆಗಲೇ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಹಿಂದೆ ಬಗ್ಗಿ ನೋಡುತ್ತಿದ್ದರು. ಹಿಂದಿನ ಎರಡು ಚಕ್ರಗಳ ನಡುವೆ, ಅವೆರಡನ್ನೂ ತಿರುಗಿಸುವ ಗೇರುಗಳಿರುವ ಕಬ್ಬಿಣದ ದಪ್ಪ ಬುರುಡೆ ಜೋತಿತ್ತು. ಅದರ ಕೆಳಗೆ ಹಳೆಯ ಗೀರಿನ ಮೇಲೆಯೇ ಹೊಸ ಗೀರು ಬಿದ್ದಿತ್ತು.

"ಈ ಕುಂಬಳಕಾಯಿ ಎಂತದ್ರೀ?"

"ಹೌಸಿಂಗು."

"ಇದು ಎಂತದರ ಮೇಲೆ ನಿಂತಿರೋದು?"

"ಚಕ್ರದ ಮೇಲೆ."

"ಧರ್ಮಪ್ಪ ಪ್ಲೇಟು ಹಾಕಿ ಎತ್ತಿದ್ದು ಎಂತದನ್ನು?"

"ಬಾಡಿಯನ್ನು" ಎಂದರು ಯಾಕೂಬ್ ಸಾಹೇಬರು. ಎರಡನೆಯ ಸಲ "ಬಾಡಿಯನ್ನು" ಎಂದಾಗ ಸ್ವರ ಸ್ವಲ್ಪ ಇಳಿದಿತ್ತು.

"ಮಂಚಕ್ಕೆ ಹತ್ತು ಹಾಸಿಗೆ ಹಾಸಿದ್ರೂ ಮಂಚದ ಅಡಿಗೆ ಬೆಕ್ಕು ನುಗ್ಗೋ ಜಾಗ ಇದ್ದಷ್ಟೇ ಇರ್ತದಲ್ಲ" ಎಂದರು ಹಬೀಬಾ.

ಇಷ್ಟು ಸಣ್ಣ ವಿಷಯ ಬಸ್ ನಿಲ್ದಾಣದ ಹದಿನೈದು ಪಂಡಿತರಿಗೆ, ಶೃಂಗೇರಿಯ ಮೇಸ್ತ್ರಿಗೆ, ಕೊಪ್ಪದ ಕುಲುಮೆಗೆ ಹೊಳೆಯದೆ ಹೋದದ್ದು ಹೇಗೆ ಎಂದು ಯಾಕೂಬ್ ಸಾಹೇಬರು ಇಳಿಯುವ ದಾರಿಯುದ್ದಕ್ಕೂ ಯೋಚಿಸಿದರು. ಯೋಚನೆ ಪದೇ ಪದೇ ತಮ್ಮ ಹತ್ತಿರವೇ ಬರತೊಡಗಿದಾಗ ಬಿಟ್ಟುಬಿಟ್ಟರು.

"ಮಂಚದ ಕಾಲು ಉದ್ದ ಮಾಡ್ಬೇಕು, ಅಷ್ಟೇ" ಎಂದರು ಹಬೀಬಾ. "ನನ್ನಣ್ಣ ನರಸಿಂಹರಾಜಪುರದಲ್ಲಿ ಟೈರ್ ಅಂಗಡಿ ಇಟ್ಕೊಂಡು ನೊಣ ಹೊಡೀತಾ ಇಲ್ಲ."

ಅಣ್ಣ ಜಲಾಲುದ್ದೀನ್ ಮೂರು ಬಗೆಯ ಟೈರುಗಳನ್ನು ಉರುಳಿಸಿ ತಂದು ಗೋಡೆಗೆ ಒರಗಿಸಿದ. ಮೊದಲನೆಯದು ಉದ್ದಕ್ಕೆ ಗೆರೆಯಿದ್ದ ಹೊಚ್ಚಹೊಸದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡನೆಯದು ಗಡ್ಡೆಗಡ್ಡೆಯ ಬಟನ್ ಟೈರು, ಮಣ್ಣನ್ನು ಕಚ್ಚಿ ಹತ್ತುವಂಥದು. ಮೂರನೆಯದೂ ಬಟನ್ ಟೈರೇ, ಆದರೆ ಮಿಲಿಟರಿ ಹರಾಜಿನಲ್ಲಿ ಬಂದದ್ದು, ಒಂದು ಸೈಜು ದೊಡ್ಡದು. ಪಕ್ಕೆಯಲ್ಲಿ ಅದರ ನಂಬರನ್ನು ಯಾರೋ ಹಳದಿ ಬಣ್ಣದಲ್ಲಿ ಬರೆದಿದ್ದರು.

ಯಾಕೂಬ್ ಸಾಹೇಬರು ಹೊಳಪು ನೋಡಲಿಲ್ಲ, ಗಡ್ಡೆ ಒತ್ತಲಿಲ್ಲ. ಜೇಬಿನಿಂದ ದಾರ ತೆಗೆದು ಒಂದೊಂದನ್ನೂ ಅಡಿಯಿಂದ ಮುಡಿಯವರೆಗೆ ಅಳೆದರು.

"ಟೈರ್ ತಗೊಳ್ಳೋರು ಉಗುರು ಚುಚ್ಚಿ ನೋಡ್ತಾರೆ ಭಾಯ್. ನೀವು ಜುಬ್ಬಾಕ್ಕೆ ಅಳತೆ ತಗೊಂಡ ಹಾಗೆ ತಗೊಳ್ತೀರಿ."

"ನನ್ನ ಹಳೇ ಟೈರಿಗಿಂತ ಈ ಮಿಲಿಟರಿ ಟೈರು ಮೂರು ಬೆರಳು ಎತ್ತರ."

"ಮೂರು ಹೌದು. ಆದ್ರೆ ನಿಮ್ಮ ಹೌಸಿಂಗಿಗೆ ಸಿಗೋದು ಒಂದೂವರೆ. ಉಳಿದ ಒಂದೂವರೆ ಆಕಾಶದ ಕಡೆ ಹೋಗ್ತದೆ. ಅದು ಚಕ್ರದ ಎತ್ತರದ ನಡುಮಧ್ಯೆ ಕೂತಿರೋದಲ್ವಾ?"

ಯಾಕೂಬ್ ಸಾಹೇಬರು ಭಾವಮೈದುನನನ್ನು ಮೊದಲ ಸಲ ಗೌರವದಿಂದ ನೋಡಿದರು. ಗೀರಿನ ಆಳದಿಂದ ಲೆಕ್ಕ ಹಾಕಿದರೆ ಬೇಕಾದದ್ದು ಒಂದು ಬೆರಳು. ಅರ್ಧ ಬೆರಳು ಉಳಿಯುತ್ತಿತ್ತು.

"ಒಂದೇ ತೊಂದ್ರೆ" ಎಂದ ಜಲಾಲುದ್ದೀನ್. "ಈ ಸೈಜು ಈ ಗಾಡಿಗೆ ಹಾಕಿದ್ರೆ ಮಡ್‌ಗಾರ್ಡಿಗೆ ಉಜ್ಜಿ ವಾರದಲ್ಲಿ ಹರೀತದೆ. ಯಾರಿಗೂ ಕೊಡೋದಿಲ್ಲ ನಾನು." ಹೊರಗೆ ಬಂದು ಗಾಡಿಯ ಕಡೆ ನೋಡಿದವನು ಹಾಗೇ ನಿಂತ. ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಕೈ ಹಾಕಿದ, ಮೊಣಕೈವರೆಗೆ ಹೋಯಿತು. "ಇದನ್ನ ಯಾರು ಎತ್ತಿದ್ದು?"

ದೊಡ್ಡ ಟೈರುಗಳನ್ನೇ ಹಾಕಿಸಿಕೊಂಡು ಬರುವಾಗ ಕೊಪ್ಪದಲ್ಲಿ ನಿಲ್ಲಿಸಿ ಯಾಕೂಬ್ ಸಾಹೇಬರು ಎಲ್ಲವನ್ನೂ ಹೇಳಿದರು. ಧರ್ಮಪ್ಪ ಹೊಸ ಟೈರುಗಳನ್ನು ನೋಡಿದ, ಮೇಲಿನ ಸಂದನ್ನು ನೋಡಿದ, ತಿದಿ ಒತ್ತಿದ.

"ನಾನು ಎತ್ತಿದ್ದೇ ಅದಕ್ಕೆ. ಅವತ್ತು ಹೇಳಿದ್ರೆ ನಿಮಗೆ ಅರ್ಥ ಆಗ್ತಿರ್ಲಿಲ್ಲ."

ಮದುವೆಯ ದಿನ ಬೆಳಿಗ್ಗೆ ಮೂವತ್ತು ಪೆಟ್ಟಿಗೆಗಳು ಒಣಹುಲ್ಲಿನ ಮೇಲೆ ಕೂತವು. ಭಾರ ಬಿದ್ದದ್ದೇ ಬಸ್ಸಿನ ಪ್ಲೇಟುಗಳು ಕುಣಿತ ಬಿಟ್ಟು ಗಂಭೀರವಾದವು. ಹಬೀಬಾ ಕೈಯಾಸರೆ ಹಿಡಿದು, ಎರಡನೆಯ ಪ್ರಯತ್ನಕ್ಕೆ ಮುಂದಿನ ಸೀಟು ಏರಿದರು.

ಮಾವಿನಕೊಡಿಗೆಯ ಅರ್ಧ ಊರು ಧರೆಯ ಮೇಲೆ ಸಾಲಾಗಿ ಕೂತಿತ್ತು. ಮದುಮಗಳಿಗೆ ಅರಿಶಿನ ಹಚ್ಚಬೇಕಾದ ಹೆಂಗಸರೂ ಇದ್ದರು. ಕಲ್ಲಿನ ಮೇಲ್ಗಡೆ ನಾಲ್ಕು ಎತ್ತುಗಳನ್ನು ನೊಗ ಕಟ್ಟಿ, ಹಗ್ಗ ಸಮೇತ ತಯಾರು ನಿಲ್ಲಿಸಿದ್ದರು. ಯಾಕೂಬ್ ಸಾಹೇಬರಿಗೆ ಕಲ್ಲಿಗಿಂತ ಹೆಚ್ಚು ಕಣ್ಣಿಗೆ ಚುಚ್ಚಿದ್ದು ಆ ಹಗ್ಗ.

"ಅತ್ಲಾಗೆ ನೋಡ್ಬೇಡಿ" ಎಂದರು ಹಬೀಬಾ.

ಮೊದಲ ಗೇರು. ಮುಂದಿನ ಚಕ್ರಗಳು ಕಲ್ಲಿನ ಎರಡು ಬದಿಗೂ ಹಾದವು. ಬಟನ್ ಟೈರು ಮಣ್ಣು ಕಚ್ಚುವ ಕರಕರ ಸದ್ದು. ಧರೆಯ ಮೇಲೆ ಕೂತವರೆಲ್ಲರೂ ಠಣ್ಣಿಗಾಗಿ ಕಾಯುತ್ತಿದ್ದರು, ಕೆಲವರು ಆಸೆಯಿಂದಲೇ. ಯಾಕೂಬ್ ಸಾಹೇಬರು ಕಿವಿಯನ್ನು ಹಿಂದಕ್ಕೆ ಕಳಿಸಿ ಕೂತಿದ್ದರು. ಹುಲ್ಲು ಸರಿದದ್ದು ಕೇಳಿತು. ಬಾಟಲಿಗೆ ಬಾಟಲಿ ತಾಗಿದ್ದು ಕೇಳಿತು. ಆಮೇಲೆ ಹಬೀಬಾ ಉಸಿರು ಬಿಟ್ಟದ್ದು ಕೇಳಿತು. ತಿರುಗಿ ನೋಡಿದರೆ ಕಲ್ಲು ಹಿಂದೆ ಇತ್ತು.

ವಾಸಪ್ಪಗೌಡರು ಜರಿಪಂಚೆಯಲ್ಲೇ ಇಳಿದು ಬಂದು, ಮಣ್ಣಿಗೆ ಮಂಡಿಯೂರಿ ಗಾಡಿಯ ಅಡಿ ನೋಡಿದರು. ಹೊಸ ಗೀರು ಹುಡುಕಿದರು. ಸಿಗಲಿಲ್ಲ. ಎದ್ದು ಮಂಡಿ ಕೊಡವಿಕೊಂಡು ಮೇಲ್ಗಡೆಗೆ ಕೈ ಮಾಡಿದರು.

"ಎತ್ತು ಬಿಚ್ಚಿ ಮಾರಾಯ್ರೆ. ನಿಂತು ನಿಂತು ಅವಕ್ಕೂ ಬೇಜಾರಾಗಿದೆ."

ಮನೆ ಬಾಗಿಲಲ್ಲಿ ಇಳಿಸುವಾಗ ಒಡೆದದ್ದು ಮೂರೇ ಬಾಟಲಿ. ಗೌಡರು ನಾಲ್ಕನೆಯದನ್ನು ತಾವೇ ಹೆಬ್ಬೆರಳಿನಿಂದ ಒತ್ತಿ ಒಡೆದು, ಗಟಗಟ ಕುಡಿದು, ತೇಗಿದರು. ಬಾಳೆಹೊನ್ನೂರಿನವನ ಹೆಸರು ಆ ತೇಗಿನ ಜೊತೆಗೇ ಹೋಯಿತು.

"ಬರೋ ಮಾಘದಲ್ಲಿ ತಂಗಿ ಮಗನ ಮದುವೆ ಇದೆ ಸಾಬ್ರೆ. ಅಲ್ಲಿಗೂ ನಿಮ್ಮದೇ. ಆದ್ರೆ ಅವ್ರ ದಾರೀಲಿ ಕಲ್ಲು ಎರಡಿದೆ."

ಯಾಕೂಬ್ ಸಾಹೇಬರು ಖಾಲಿ ಪೆಟ್ಟಿಗೆ ಕೆಳಗಿಟ್ಟರು. ಒಂದು ವಾರದ ಹಿಂದಾಗಿದ್ದರೆ ಆಗಲಿ ಎಂದುಬಿಡುತ್ತಿದ್ದರು.

"ಅಕ್ಕಪಕ್ಕ ಇದೆಯಾ ಗೌಡ್ರೆ," ಎಂದು ಕೇಳಿದರು, "ಇಲ್ಲಾ ಒಂದರ ಹಿಂದೆ ಒಂದಾ?"