ಖಾಲಿ ಕುರ್ಚಿ ಮತ್ತು ಹೊಸಕ್ಕಿ ಪಾಯಸ

ಶರಾವತಿಯ ದಂಡೆಯಲ್ಲಿ ಪಾಸ್ಕುವಿನಷ್ಟು ಹಟಮಾರಿ ಹಿಂದೆ ಹುಟ್ಟಿಲ್ಲ. ಇನ್ನೊಬ್ಬನನ್ನು ಹುಟ್ಟಿಸಲು ದೇವರಿಗೇ ಧೈರ್ಯ ಸಾಲದು. ಸತ್ತ ದೋಣಿ ಇಂಜಿನ್ ಅವನ ಕೈಯ ಸ್ಪ್ಯಾನರ್ ಕಂಡದ್ದೇ ಕೆಮ್ಮಿ ಎದ್ದು ಕೂರುತ್ತಿತ್ತು. ಅಂಥವನು ಮೂರು ವರ್ಷದ ಕೆಳಗೆ ಮೊಬೈಲಿನಲ್ಲಿ ಯಾರದೋ ಪ್ರವಚನ ಕೇಳಿ ರೋಮಿನ ಇಂಜಿನ್ನನ್ನೇ ಬಿಚ್ಚಿಟ್ಟ. ಅವನ ಲೆಕ್ಕದಲ್ಲಿ ತಾಯಿ, ಅಂದರೆ ಮಾಯ್, ಮದುವೆಯಾದ ವರ್ಷ ತೀರಿಕೊಂಡವರೇ ಕೊನೆಯ ನಿಜವಾದ ಪೋಪ್. ಆಮೇಲೆ ಬಂದವರೆಲ್ಲ ಸುಳ್ಳು, ಕುರ್ಚಿ ಖಾಲಿ. ಹಾಗಾಗಿ ಊರ ಇಗರ್ಜಿಯ ಪಾದ್ರಿಯೂ ಪಾದ್ರಿಯಲ್ಲ.

“ಖಾಲಿ ಇದ್ರೆ ನೀವೇ ಹೋಗಿ ಕೂತ್ಕಳಿ ಮಾರಾಯ್ರೆ. ಹೊನ್ನಾವರದವ್ರು ಒಬ್ರು ಪೋಪ್ ಆದಂಗೆ ಆತು,” ಎಂದಿದ್ದ ಆಟೋದ ಮಾಬ್ಲ.

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿಯ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಅದರ ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಬೇಕು. ಮೂರು ವರ್ಷದ ಕೆಳಗೆ ತಮ್ಮ ಬಸ್ತ್ಯಾಂವ ತಂದ ತೆನೆಯನ್ನು ಪಾಸ್ಕು ಕೋಳಿಗೆ ಹಾಕಿದ್ದ. ಅಂದಿನಿಂದ ತಮ್ಮ ಹೊಸಿಲು ತುಳಿದಿಲ್ಲ.

ಈ ಸಲ ಮಾಯ್ ಹಟ ಹಿಡಿದಳು. ಪಾಸ್ಕುವಿನ ಹಟ ಅವಳದರ ಮರಿ.

“ಇಬ್ರೂ ಒಟ್ಟಿಗೆ ಕೂತು ಹೊಸಕ್ಕಿ ಉಂಡ್ರೆ ನಾನು ಉಣ್ಣೋದು. ಅಲ್ಲಿವರೆಗೆ ನೀರೇ ಸಾಕು.”

ಸಕ್ಕರೆ ಕಾಯಿಲೆಯ ಜೀವ. ನಿನ್ನೆ ಸಂಜೆಯಿಂದ ಹೊಟ್ಟೆ ಖಾಲಿ. ಜಪಸರ ಮಾತ್ರ ಕೈಬಿಟ್ಟಿರಲಿಲ್ಲ. ಪಾಸ್ಕು ಜಗಲಿಯಿಂದ ಬಾವಿಗೆ, ಬಾವಿಯಿಂದ ಗೇಟಿಗೆ ಅಲೆದೂ ಅಲೆದು ಅಂಗಳದಲ್ಲಿ ಗದ್ದೆಯಷ್ಟು ಉಳುಮೆ ಮಾಡಿದ. ಅವನ ಪಂಗಡದ ಪಾದ್ರಿ ಗೋವಾದಿಂದ ಬೆಳಗಿನ ರೈಲಿಗೆ ಬರಬೇಕಿತ್ತು. ಅವರು ಬಂದು ಲ್ಯಾಟಿನ್ನಿನಲ್ಲಿ ಆಶೀರ್ವಾದ ಮಾಡಲೆಂದು ತೆನೆಯ ಕಟ್ಟು ಮೊರದಲ್ಲಿ ಕಾಯುತ್ತಿತ್ತು.

ರೈಲು ಹೋದ ಸದ್ದು ಕೇಳಿತು. ಆಮೇಲೆ ಫೋನು.

“ಪಾಸ್ಕು, ನಾನು ಬರೋದಿಲ್ಲ. ನಮ್ಮ ಬಿಷಪ್ಪರಿಗೆ ಆದ ಅಭಿಷೇಕವೇ ಸಂಶಯ ಅಂತ ಗೊತ್ತಾಯ್ತು. ಅವರು ಬಿಷಪ್ ಅಲ್ದಿದ್ರೆ ನಾನೂ ಪಾದ್ರಿ ಅಲ್ಲ.”

“ಮತ್ತೆ ಇಷ್ಟು ದಿನ ಮಾಡಿದ ಪೂಜೆ ಎಂತದು, ಫಾದರ್?”

“ಸದ್ಯಕ್ಕೆ ಫಾದರ್ ಅನ್ಬೇಡ.”

ರೋಮಿನಲ್ಲಿ ಖಾಲಿಯಾದ ಕುರ್ಚಿ ಸಮುದ್ರ ದಾಟಿ, ಗೋವಾ ದಾಟಿ, ಪಾಸ್ಕುವಿನ ಜಗಲಿಗೇ ಬಂದು ಖಾಲಿ ಕೂತಿತು.

ಮಾಯ್ ಕರೆಸಿದ್ದ ಬಸ್ತ್ಯಾಂವ ಗೇಟಿನಾಚೆ ನಿಂತಿದ್ದ, ಕರವಸ್ತ್ರದಲ್ಲಿ ಇಗರ್ಜಿಯ ತೆನೆ ಸುತ್ತಿಕೊಂಡು.

“ಮಾಯ್, ಒಳಗೆ ಬರ್ಲಾ? ಇಲ್ದಿದ್ರೆ ಕೋಳಿಗಾದ್ರೂ ಹಸಿವಿದ್ಯಾ ಕೇಳು.”

ಮಾಯ್ ಪಾಸ್ಕುವಿನತ್ತ ನೋಡಿದಳು. “ನಿನ್ನ ಪಾದ್ರಿ ಎಲ್ಲಿ, ಪುತಾ?”

ಪಾಸ್ಕು ಫೋನನ್ನು ಜಗಲಿಯಲ್ಲಿ ಮಗುಚಿಟ್ಟ. “ಅವ್ರು... ಪಾದ್ರಿ ಹೌದೋ ಅಲ್ವೋ ಅಂತ ಇನ್ನೂ ನಿಕ್ಕಿ ಆಗಿಲ್ಲ.”

“ಆತು. ಕೂಸಿದ್ದಾಗ ನನ್ನ ತಲೆಗೆ ಜ್ಞಾನಸ್ನಾನದ ನೀರು ಬಿದ್ದಾಗ ಆ ರೋಮಿನ ಕುರ್ಚಿಲಿ ಜನ ಇದ್ರಾ?”

“ಇದ್ರು.”

“ನಾನಾದ್ರೂ ನಿಜವಾ?”

“ನಿಜ, ಮಾಯ್.”

“ಹಾಗಾದ್ರೆ ತಮ್ಮನ್ನ ಕರಿ.”

ಕರೆಯುವುದಕ್ಕೆ ಪಾಸ್ಕು ತೆಗೆದುಕೊಂಡ ಹೊತ್ತಿನಲ್ಲಿ ಶರಾವತಿಯಲ್ಲಿ ಎರಡು ಸಲ ಉಬ್ಬರ ಏರಿ ಇಳಿದಿರಬೇಕು. ಮಾಯ್ ಗೋಡೆ ಹಿಡಿದು ಏಳಹೋಗಿ ಒಮ್ಮೆ ವಾಲಿದಳು. ಅಷ್ಟೇ, ಅವನು ಗೇಟಿಗೆ ಓಡಿದ.

“ಬಾ ಒಳಗೆ,” ಎಂದ, ತಮ್ಮನ ಮುಖ ನೋಡದೆ.

ಮಾಯ್ ಇಗರ್ಜಿಯ ತೆನೆಯನ್ನೂ ಮೊರದ ತೆನೆಯನ್ನೂ ಒಟ್ಟಿಗೆ ಉದುರಿಸಿ ಕಲಸಿದಳು. ಹೆಬ್ಬೆರಳಲ್ಲಿ ಕಾಳಿನ ಮೇಲೆ ಶಿಲುಬೆ ಬರೆದು ತಾನೇ ಆಶೀರ್ವಾದ ಮಾಡಿದಳು.

“ಈಗ ಯಾವುದು ಯಾರದು, ಹೆಕ್ಕು ನೋಡುವಾ.”

ಹೊನ್ನಾವರದಲ್ಲೇ ಅತಿ ಸೂಕ್ಷ್ಮ ಕಣ್ಣಿನ ಪಾಸ್ಕು ಬಗ್ಗಿ ನೋಡಿದ. ಭತ್ತವೆಲ್ಲ ಭತ್ತದ ಹಾಗೇ ಇತ್ತು.

ಆ ಕಾಳು ಹಾಕಿದ ಪಾಯಸದ ಮೊದಲ ತುತ್ತನ್ನು ಅವನು ನಾಲಿಗೆಯಲ್ಲಿ ಹೊರಳಿಸಿ, ಕಾಳು ಕಾಳನ್ನೂ ವಿಚಾರಣೆ ಮಾಡಿ, ಯಾವುದೂ ಒಪ್ಪಿಕೊಳ್ಳದಿದ್ದಾಗ ನುಂಗಿದ. ಇಬ್ಬರು ಮಕ್ಕಳ ಗಂಟಲಲ್ಲೂ ತುತ್ತು ಇಳಿದದ್ದನ್ನು ನೋಡಿಕೊಂಡೇ ಮಾಯ್ ತನ್ನ ಬಟ್ಟಲಿಗೆ ಕೈ ಹಾಕಿದಳು. ಅಷ್ಟರಲ್ಲಿ ಜಗಲಿಯಲ್ಲಿ ಫೋನು ಮತ್ತೆ ಬಡಿದುಕೊಂಡಿತು, ಗೋವಾದ್ದೇ ಇರಬೇಕು. ಪಾಸ್ಕು ಆ ಕಡೆ ತಿರುಗಿ ನೋಡಿದ, ಆದರೆ ಏಳಲಿಲ್ಲ.