ತೋಮೆ ನಾತ್ತೊ ತಿನ್ನದ ಚಳಿಗಾಲಗಳು

ಮದ್ಯ ಮಾಡುವವರ ಮೇಸ್ತ್ರಿ ಯೋಹೇಯಿ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಕೆಮ್ಮಿದಾಗ ತೋಮೆ ಮೂಲಂಗಿ ಹೆಚ್ಚುತ್ತಿದ್ದಳು. ಈ ಬಾಗಿಲಿಗೆ ಅವನು ಎಂದೂ ಬಂದವನಲ್ಲ. ಆಚೀಚೆ ನೋಡಿ ಒಳಗೆ ಬಂದ, ಅಂಗಿಯ ಅಗಲ ತೋಳಿನೊಳಗಿಂದ ಒಂದು ಬಟ್ಟಲು ತೆಗೆದ.

"ತೋಮೆ, ಇದನ್ನ ಸ್ವಲ್ಪ ಮೂಸಿ ನೋಡು."

"ನಾನಾ?"

"ಇನ್ಯಾರಿದಾರೆ ಇಲ್ಲಿ? ಮೂಲಂಗಿಗೆ ಹೇಳ್ತೀನಾ?"

ಅಕ್ಕಿ ಹುದುಗೇಳುವ ಪೀಪಾಯಿಯಿಂದ ಮೊಗೆದು ತಂದ ಬಿಳಿಯ ಗಂಜಿಯಂಥ ಮದ್ಯ ಅದು. ತೋಮೆ ಕೈ ಒರೆಸಿಕೊಂಡು ಮೂಸಿದಳು. ಮಾಗದ ಸೀಬೆಹಣ್ಣಿನ ವಾಸನೆ. ಅದರ ಹಿಂದೆ ಒಂಚೂರು ಹಸಿ ಅಕ್ಕಿ.

"ಇನ್ನೂ ಆಗಿಲ್ಲ. ನಾಳೆ ಬಿಟ್ಟು ನಾಡಿದ್ದು ಹಿಂಡಬಹುದೇನೋ," ಎಂದಳು.

ಮೇಸ್ತ್ರಿ ತಲೆಯಾಡಿಸಿದ. ಹೋಗುವಾಗ ಮಾತ್ರ, "ಹೋದ ಸಲದ ಜ್ವರ ಬಿಟ್ಟಾಗಿಂದ ನನಗೆ ಏನೂ ವಾಸನೆ ಹತ್ತುತ್ತಿಲ್ಲ. ಯಾರಿಗೂ ಹೇಳಬೇಡ," ಎಂದ.

ಅವಳು ಹೇಳಲಿಲ್ಲ. ಮೂರನೆಯ ದಿನ ಪೀಪಾಯಿಯ ಗಂಜಿಯನ್ನು ಚೀಲಕ್ಕೆ ತುಂಬಿ ಹಿಂಡಿದರು, ಮದ್ಯ ಚೆನ್ನಾಗಿ ಬಂತು. ಊಟಕ್ಕೆ ಕೂತಾಗ ಮೇಸ್ತ್ರಿಯ ಬಲಗೈಯಂತಿದ್ದ ಮಾತ್ಸುಜೋ ತೊಡೆ ತಟ್ಟಿ ನಕ್ಕ. "ಮೂಗು ಅಂದ್ರೆ ನಮ್ಮ ಮೇಸ್ತ್ರಿದು. ಜ್ವರ ಬಂದ್ರೂ ಬಿಡಲಿಲ್ಲ ನೋಡ್ರಪ್ಪ." ಎಲ್ಲರೂ ಹೌದೆಂದರು. ತೋಮೆ ಮೇಸ್ತ್ರಿಯ ಬಟ್ಟಲಿಗೆ ಸಾರು ಬಡಿಸಿದಳು. ಅವನು ತಲೆಯೆತ್ತಲಿಲ್ಲ.

ಗದ್ದೆಗಳು ಹಿಮದಡಿ ಹೂತುಹೋದ ಮೇಲೆ ಬೆಟ್ಟದ ಹಳ್ಳಿಗಳ ಗಂಡಸರು ಮದ್ಯ ಮಾಡಲು ಈ ಮನೆಗೆ ಬರುತ್ತಿದ್ದರು, ಹಿಮ ಕರಗಿದಾಗ ಹೋಗುತ್ತಿದ್ದರು. ತೋಮೆಯ ಅಪ್ಪನೂ ಹಾಗೆ ಬಂದವನೇ. ವಸಂತದಲ್ಲಿ ಅವನು ಊರಿಗೆ ಮರಳಿದಾಗ ಅವನ ಅಂಗಿಯೊಳಗೆ ಮುಖ ಹುದುಗಿಸಿ ಯಾವ ಪೀಪಾಯಿ ಸಿಹಿ, ಯಾವುದು ಖಾರ ಎಂದು ಹೇಳುವುದು ಅವಳ ಆಟವಾಗಿತ್ತು. ಅಪ್ಪ ನಗುತ್ತಿದ್ದ. "ನೀನು ಗಂಡಾಗಿದ್ರೆ ಕರ್ಕೊಂಡು ಹೋಗ್ತಿದ್ದೆ ಕಣೆ." ಮೂವರು ಅಕ್ಕಂದಿರ ಮೇಲೆ ಹುಟ್ಟಿದವಳು ಅವಳು. ಹೆಣ್ಣು ಇಲ್ಲಿಗೆ ನಿಲ್ಲಲಿ ಎಂದೇ, 'ನಿಲ್ಲಿಸು' ಎಂಬ ಅರ್ಥದಲ್ಲಿ, ತೋಮೆ ಎಂದು ಹೆಸರಿಟ್ಟಿದ್ದರು. ಗಂಡ ಸತ್ತ ಮೇಲೆ ಅವಳು ಈ ಮನೆಯ ಅಡುಗೆಗೆ ಸೇರಿದಳು. ಅಂಗಳದ ಆಚೆ ಹುದುಗಿನ ಮನೆ. ಅದರ ಬಾಗಿಲ ಮೇಲೆ ಮಡಿಯ ಗಡಿಯೆಂದು ಕಟ್ಟಿದ ಹುಲ್ಲಿನ ಹಗ್ಗ. ಮದ್ಯದ ದೇವಿ ಹೆಣ್ಣು, ಇನ್ನೊಂದು ಹೆಣ್ಣನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು, ಪೀಪಾಯಿ ಹುಳಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ತೋಮೆ ಊಟದ ಬುಟ್ಟಿಯನ್ನು ಆ ಹಗ್ಗದವರೆಗೆ ಒಯ್ದು, ಕೆಳಗಿಟ್ಟು, ತಿರುಗಿ ಬರುತ್ತಿದ್ದಳು.

ಮುಂದಿನ ವಾರ ಮೇಸ್ತ್ರಿ ಮತ್ತೆ ಬಂದ. ಈ ಸಲದ್ದು ಆ ವರ್ಷದ ಅತಿ ಒಳ್ಳೆಯ ಅಕ್ಕಿಯ ಪೀಪಾಯಿ, ವಸಂತದ ಮದ್ಯದ ಪಂದ್ಯಕ್ಕೆ ಹೋಗುವಂಥದ್ದು. ಒಂದು ದಿನ ಮೊದಲು ಹಿಂಡಿದರೆ ಸಪ್ಪೆ, ಒಂದು ದಿನ ತಡವಾದರೆ ಕಹಿ. ತೋಳಿನಿಂದ ಬಟ್ಟಲು ತೆಗೆದು ಹಲಗೆಯ ಮೇಲಿಟ್ಟ. ತೋಮೆ ಅದನ್ನು ಮುಟ್ಟಲಿಲ್ಲ.

"ಮೇಸ್ತ್ರಿ, ಅಂಗಳ ದಾಟೋ ಹೊತ್ತಿಗೆ ಇದು ಅರ್ಧ ಸತ್ತಿರುತ್ತೆ. ಪೀಪಾಯಿ ಹತ್ರ ನಿಂತು ನೋಡಬೇಕು."

"ಮೊನ್ನೆ ನೋಡಿದೆಯಲ್ಲ."

"ಮೊನ್ನೆ ಅದೃಷ್ಟ."

"ನಿಂಗೆ ಗೊತ್ತಲ್ಲ, ಹೆಂಗಸರು ಒಳಗೆ..."

"ಗೊತ್ತು. ಅದಕ್ಕೇ ಇಷ್ಟು ವರ್ಷ ಇಲ್ಲೇ ಇದೀನಿ."

ಅವನು ಅವಳನ್ನೇ ನೋಡಿದ. ಅವಳು ಕಣ್ಣು ತಗ್ಗಿಸಿದಳೇ ಹೊರತು ಬಟ್ಟಲಿಗೆ ಕೈ ಹಾಕಲಿಲ್ಲ. ಅವನು ಅದನ್ನು ಎತ್ತಿಕೊಂಡು ಹೋದ.

ಆ ದಿನ ಅವಳಿಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಆಡಿದ್ದು ಸುಳ್ಳಲ್ಲ, ಬಟ್ಟಲಲ್ಲಿ ಬಂದದ್ದು ಪೂರ್ತಿ ನಿಜ ಹೇಳುವುದಿಲ್ಲ. ಆದರೆ ಅದಷ್ಟಕ್ಕೇ ತಾನು ಹಾಗೆ ಹೇಳಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಪೀಪಾಯಿ ಕೆಟ್ಟರೆ ಈ ಗಂಡಸರ ಒಂದು ಚಳಿಗಾಲದ ದುಡಿಮೆ ನೀರುಪಾಲು. ಈಗ ಬಟ್ಟಲು ಮೂಸಿದರೆ, ಸಾಯುವ ತನಕ ಹಿಂಬಾಗಿಲಲ್ಲಿ ಮೂಸುವುದೇ ಅವಳ ಪಾಲು.

ಧಣಿಯ ತಾಯಿ ರಿನ್ ಅಜ್ಜಿ ಒಲೆಯ ಪಕ್ಕ ಕೈ ಕಾಸಿಕೊಳ್ಳುತ್ತಿದ್ದಳು. ಕಿವಿ ಮಂದ, ಕಣ್ಣು ಮಾತ್ರ ಚುರುಕು.

"ಮೇಸ್ತ್ರಿ ಎರಡು ಸಲ ಬಂದ ಈ ಬಾಗಿಲಿಗೆ. ನಿನ್ನ ಮದುವೆ ಆಗ್ತಾನಂತಾ?"

"ಅಜ್ಜಿ, ಸುಮ್ನಿರಿ."

"ಮತ್ತೇನು?"

ತೋಮೆ ಹೇಳಿದಳು. ಕಿವಿಯ ಹತ್ತಿರ ಬಾಗಿ, ಎಲ್ಲವನ್ನೂ. ಅಜ್ಜಿ ಕೆಂಡ ಕೆದಕಿದಳು.

"ನಾನು ಈ ಮನೆಗೆ ಸೊಸೆಯಾಗಿ ಬಂದೋಳು. ಹಣ್ಣು ಹಣ್ಣು ಮುದುಕಿ ಆದೆ, ಆ ಹಗ್ಗ ದಾಟಿಲ್ಲ. ನನ್ನ ಅತ್ತೆ ಒಂದು ಮಾತು ಹೇಳ್ತಿದ್ರು. ಹಿಂದಿನ ಕಾಲದಲ್ಲಿ ಹೆಂಗಸರು ಅನ್ನ ಅಗಿದು ಮಡಕೆಗೆ ಉಗೀತಿದ್ರಂತೆ, ಅದೇ ಮೊದಲನೇ ಮದ್ಯವಂತೆ. ಆಮೇಲೆ ಗಂಡಸರು ದೊಡ್ಡ ಪೀಪಾಯಿ ತಂದ್ರು, ಬಾಗಿಲು ಹಾಕಿದ್ರು." ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ನಾವು ಉಗಿದಾಗ ದೇವಿಗೆ ಹೊಟ್ಟೆಕಿಚ್ಚು ಇರಲಿಲ್ವೇನೋ."

ಮರುದಿನ ಬೆಳಗ್ಗೆ ತಿಂಡಿಗೆ ಎಲ್ಲರೂ ಕೂತಿದ್ದರು. ಮೇಸ್ತ್ರಿ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟ.

"ಒಂದು ಮಾತು. ಜ್ವರ ಬಂದಾಗಿಂದ ನನಗೆ ವಾಸನೆ ಗೊತ್ತಾಗ್ತಿಲ್ಲ. ಹೋದ ಪೀಪಾಯಿ ನೋಡಿ ಹೇಳಿದ್ದು ತೋಮೆ. ಇವತ್ತು ಅವಳು ಒಳಗೆ ಬಂದು ನೋಡಲಿ ಅಂತ ನನ್ನ ಮನಸ್ಸು."

ಮಾತ್ಸುಜೋ ತನ್ನ ಬಟ್ಟಲು ಕೆಳಗಿಟ್ಟ.

"ಮೇಸ್ತ್ರಿ, ದೇವಿ ಮಾತು ಬಿಡಿ. ನಾವು ಇಡೀ ಚಳಿಗಾಲ ನಾತ್ತೊ ಬಾಯಿಗೆ ಹಾಕಲ್ಲ. ಆ ಹುಳಿಸಿದ ಸೋಯಾ ಲೋಳೆಕಾಳು ತಿಂದ ಬಾಯಿಂದ ಒಂದು ಉಸಿರು ಬಿದ್ರೂ ಮದ್ಯಕ್ಕೆ ಅಂತ ಬೂಷ್ಟು ಹಿಡಿಸಿದ ಅಕ್ಕಿ ಕೆಡುತ್ತೆ ಅಂತ ನೀವೇ ಹೇಳಿಕೊಟ್ಟಿದ್ದು. ಈ ಊರಿನ ಹೆಂಗಸರು ನಾತ್ತೊ ಇಲ್ದೆ ಬೆಳಗ್ಗೆ ಕಣ್ಣೇ ಬಿಡಲ್ಲ. ತೋಮೆ ಅಕ್ಕನ ತಪ್ಪಲ್ಲ, ಅವಳಿಗೆ ಈ ನಿಯಮ ಇಲ್ಲವಲ್ಲ."

ಮಾತು ಸರಿಯಾಗಿತ್ತು. ತೋಮೆ ಅನ್ನದ ಸೌಟು ಕೆಳಗಿಟ್ಟಳು. ಇಷ್ಟು ಜನರ ಮುಂದೆ ಅವಳು ಹಿಂದೆಂದೂ ಮಾತಾಡಿರಲಿಲ್ಲ.

"ನಾನೂ ತಿಂದಿಲ್ಲ."

"ಈ ವಾರವಾ?" ಮಾತ್ಸುಜೋ ಕೇಳಿದ.

"ಈ ಮನೆಗೆ ಬಂದ ವರ್ಷದಿಂದ. ಮೊದಲ ಹಿಮ ಬಿದ್ದಾಗ ಬಿಟ್ಟರೆ, ನೀವೆಲ್ಲ ಊರಿಗೆ ಹೊರಟ ಮೇಲೇ ತಿನ್ನೋದು."

"ಯಾರು ಹೇಳಿದ್ರು ನಿಂಗೆ ಹಾಗೆ ಮಾಡು ಅಂತ?"

"ಯಾರೂ ಹೇಳಲಿಲ್ಲ."

"ಮತ್ತೆ ಯಾಕೆ?"

ತೋಮೆಯ ಕಿವಿ ಕೆಂಪಾಯಿತು. "ಯಾವತ್ತಾದ್ರೂ ಕರೆದ್ರೆ, ಇವತ್ತು ತಿಂದಿದೀನಿ ನಾಳೆ ಬರ್ತೀನಿ ಅನ್ನೋ ಹಾಗೆ ಆಗಬಾರದು ಅಂತ."

ಮೂಲೆಯಿಂದ ಯಾರೋ ಗೊಣಗಿದರು: "ಹೊಸ ವರ್ಷಕ್ಕೆ ಅಂತ ಊರಿಗೆ ಹೋಗಿ ಕದ್ದು ತಿಂದು ಬಂದೋರು ನಮ್ಮಲ್ಲೇ ಇದಾರೆ." ಮಾತ್ಸುಜೋನ ಕತ್ತು ನಿಧಾನಕ್ಕೆ ಬಟ್ಟಲಿನ ಕಡೆ ಬಾಗಿತು. ಮೊದಲು ನಕ್ಕವನು ಮೇಸ್ತ್ರಿ, ಆಮೇಲೆ ಉಳಿದವರು. ಮಾತ್ಸುಜೋ ನಗಲಿಲ್ಲ. ಎದ್ದು ಹೋಗಿ ಒಂದು ಜೊತೆ ಒಗೆದ ಬಿಳಿ ಅಂಗಿ, ತಲೆಗೆ ಕಟ್ಟುವ ಬಟ್ಟೆ ತಂದು ತೋಮೆಯ ಮುಂದಿಟ್ಟ. "ನಂದೇ. ತೋಳು ಉದ್ದ ಆಗುತ್ತೆ, ಮಡಚಿಕೋ."

ಹಗ್ಗದ ಕೆಳಗೆ ತೋಮೆ ಒಂದು ಗಳಿಗೆ ನಿಂತಳು. ಹಿಂದೆ ರಿನ್ ಅಜ್ಜಿ ಅಂಗಳದ ಹಿಮದಲ್ಲಿ ಕೋಲೂರಿ ನಿಂತಿದ್ದಳು. "ಹೋಗೇ, ಚಳಿ," ಎಂದಳು.

ಒಳಗೆ ಕತ್ತಲೆ, ತಂಪು. ಏಣಿ ಹತ್ತಿ ಪೀಪಾಯಿಯ ಅಂಚಿಗೆ ಬಾಗಿದಳು. ನೊರೆ ಇಳಿದಿತ್ತು. ಅಲ್ಲೊಂದು ಇಲ್ಲೊಂದು ಗುಳ್ಳೆ ಒಡೆಯುವ ಸದ್ದು, ಹಂಚಿನ ಮೇಲೆ ಮಳೆ ನಿಲ್ಲುತ್ತ ಬಂದ ಹಾಗೆ. ಅಪ್ಪನ ಅಂಗಿಯಲ್ಲಿ ಇದ್ದದ್ದು ಇದರ ನೆರಳು ಮಾತ್ರ ಎಂದು ಅವಳಿಗೆ ಆಗ ತಿಳಿಯಿತು. ಮಾಗಿದ ಸೀಬೆ, ತಣ್ಣಗಿನ ಕಲ್ಲು, ಮತ್ತು ತೀರ ತಳದಲ್ಲಿ, ಬಟ್ಟಲಿಗೆ ಎಂದೂ ಬಾರದ ಒಂದು ಎಳೆ ಕಹಿ, ಆಗತಾನೇ ಏಳುತ್ತಿದ್ದದ್ದು.

"ಇವತ್ತೇ," ಎಂದಳು. "ಮಧ್ಯಾಹ್ನದವರೆಗೂ ಕಾಯಬೇಡಿ."

ಮಾತ್ಸುಜೋ ಮೇಸ್ತ್ರಿಯ ಮುಖ ನೋಡಿದ.

"ನನ್ನೇನು ನೋಡ್ತೀಯ? ಮೇಲೆ ನಿಂತೋಳು ಹೇಳಿದ್ದು ಕೇಳಿಸಲಿಲ್ವಾ?"

ಎಲ್ಲರೂ ಹಿಂಡುವ ಚೀಲಗಳನ್ನು ತರಲು ಓಡಿದರು. ತುಂಬುವುದು, ಪೇರಿಸುವುದು, ಹಿಂಡುವುದು ಶುರುವಾದ ಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಿಸಿಲು ಮೇಲೇರಿದಾಗ ಒಬ್ಬನ ಹೊಟ್ಟೆ ಗಟ್ಟಿಯಾಗಿ ಗುರುಗುಟ್ಟಿತು. ಆಗಲೇ ಎಲ್ಲರಿಗೂ ನೆನಪಾದದ್ದು, ಒಲೆಯ ಮುಂದೆ ಯಾರೂ ಇಲ್ಲ ಎಂದು.

"ತೋಮೆ ಅಕ್ಕ, ಅನ್ನ?" ಮಾತ್ಸುಜೋ ಕೇಳಿದ.

ತೋಮೆ ಏಣಿಯ ಮೇಲಿಂದ ಕೆಳಗೆ ನೋಡಿದಳು. "ಇಡೀ ಚಳಿಗಾಲ ಅಕ್ಕಿ ತೊಳೆಯೋರು ನೀವು. ನಿಮಗೆ ಬರದೇ ಇರುತ್ತಾ?"

ಅನ್ನ ತಳ ಹಿಡಿಯಿತು. ಎಲ್ಲರೂ ಅದನ್ನೇ ಕೆರೆದು ತಿಂದರು, ರಿನ್ ಅಜ್ಜಿಯೂ ಒಂದು ತುತ್ತು ಹಲ್ಲಿಲ್ಲದ ಬಾಯಲ್ಲಿ ಹೊರಳಿಸಿದಳು. ಸೋರಿ ಬಂದ ಮೊದಲ ಮದ್ಯವನ್ನು ಮೇಸ್ತ್ರಿ ಬಟ್ಟಲಿಗೆ ಹಿಡಿದು ನಾಲಗೆಗೆ ಮುಟ್ಟಿಸಿದ, ಕಣ್ಣು ಮುಚ್ಚಿದ. ಮೂಗು ಹೋಗಿದ್ದರೂ ನಾಲಗೆ ಇನ್ನೂ ಅವನದಾಗಿತ್ತು. ಆಮೇಲೆ ಬಟ್ಟಲನ್ನು ತೋಳಿನೊಳಗೆ ಅಡಗಿಸದೆ, ಎರಡು ಕೈಯಲ್ಲಿ ಹಿಡಿದು, ಎಲ್ಲರ ನಡುವೆ ನಡೆದುಬಂದು ತೋಮೆಗೆ ಕೊಟ್ಟ.